ಬಯೋಟಿನ್ ಡಬ್ಬಕ್ಕೆ ಮುಂಚೆ ಫೆರಿಟಿನ್ ರಿಪೋರ್ಟ್

ಕೂದಲು ಉದುರುತ್ತಿದೆ, ಉಗುರು ಮುರಿಯುತ್ತಿದೆ ಅಂತ ಮೆಡಿಕಲ್ ಶಾಪಿನಲ್ಲಿ ಹೇಳಿ ನೋಡಿ, ಕೌಂಟರಿನ ಮೇಲೆ ಮೊದಲು ಬಂದು ಕೂರುವುದು ಬಯೋಟಿನ್ ಎಂಬ ಬಿ ವಿಟಮಿನ್. ಆನ್‌ಲೈನಿನಲ್ಲಿ ಅದೇ ಬಯೋಟಿನ್ ಸ್ಟ್ರಾಬೆರಿ ರುಚಿಯ ಗಮ್ಮಿಯಾಗಿರುತ್ತದೆ, ಸಕ್ಕರೆ ಬೇರೆ, ಬೆಲೆಯೂ ಜಾಸ್ತಿ. ಆದರೆ ನಮ್ಮ ಊಟದ ಪದ್ಧತಿಯಲ್ಲಿ ನಿಜಕ್ಕೂ ಕಡಿಮೆ ಬೀಳುವುದು ಕಬ್ಬಿಣ, ಬಿ12, ವಿಟಮಿನ್ ಡಿ ಮತ್ತು ಪ್ರೋಟೀನ್. ಬಯೋಟಿನ್ ಕೊರತೆ ತೀರಾ ಅಪರೂಪ. ಇಲ್ಲದ ಕೊರತೆಗೆ ಮಾತ್ರೆ ನುಂಗುತ್ತಾ, ಇರುವ ಕೊರತೆಯನ್ನು ಆರು ತಿಂಗಳು ಹಾಗೇ ಬಿಡುವುದು ಈ ವಿಷಯದಲ್ಲಿ ಆಗುವ ದೊಡ್ಡ ನಷ್ಟ.

ಬಯೋಟಿನ್ ಲೆಕ್ಕ ನೋಡೋಣ. ದೊಡ್ಡವರಿಗೆ ದಿನಕ್ಕೆ 40 ಮೈಕ್ರೋಗ್ರಾಂ ಸಾಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಪಟ್ಟಿ. ಅಂಗಡಿಯ ಮಾತ್ರೆ 5 ಇಲ್ಲವೇ 10 ಮಿಲಿಗ್ರಾಂ. 10 ಮಿಲಿಗ್ರಾಂ ಅಂದರೆ 10,000 ಮೈಕ್ರೋಗ್ರಾಂ, ದಿನದ ಅಗತ್ಯದ 250 ಪಟ್ಟು. ಮೊಟ್ಟೆಯ ಹಳದಿ, ಕಡಲೆಕಾಯಿ, ಕಾಳುಗಳಲ್ಲೆಲ್ಲ ಅದು ಇದ್ದೇ ಇದೆ. ಸಾಲದ್ದಕ್ಕೆ ಕರುಳಿನ ಬ್ಯಾಕ್ಟೀರಿಯಾಗಳೂ ಅದನ್ನು ತಯಾರಿಸುತ್ತವೆ. ಮಿಕ್ಕದ್ದು ಮೂತ್ರದಲ್ಲಿ ಹೊರಹೋಗುತ್ತದೆ. ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ.

ಹಾಗಾದರೆ ಯಾರಿಗೆ ಕೊರತೆ ಬರುತ್ತದೆ? ಫಿಟ್ಸ್‌ಗೆ ವರ್ಷಗಟ್ಟಲೆ ಕಾರ್ಬಮಜೆಪಿನ್ ಅಥವಾ ವಾಲ್ಪ್ರೋಯೇಟ್ ತೆಗೆದುಕೊಳ್ಳುವವರಿಗೆ ಬರಬಹುದು. ಹಸಿ ಮೊಟ್ಟೆಯ ಬಿಳಿಯನ್ನು ದಿನಾ ಕುಡಿಯುವ ಜಿಮ್ ಹುಡುಗರಿಗೆ ಬರಬಹುದು, ಯಾಕೆಂದರೆ ಅದರಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ನನ್ನು ಕಚ್ಚಿ ಹಿಡಿದು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಬೇಯಿಸಿದರೆ ಆ ತೊಂದರೆ ಇಲ್ಲ. ಅತಿಯಾಗಿ ಮದ್ಯ ಕುಡಿಯುವವರಿಗೂ, ಹುಟ್ಟಿನಿಂದಲೇ ಬಯೋಟಿನಿಡೇಸ್ ಕಿಣ್ವ ಇಲ್ಲದ ಮಕ್ಕಳಿಗೂ ಕೊರತೆ ಆಗುತ್ತದೆ. ಉಗುರಿನ ವಿಷಯದಲ್ಲಿ ಮಾತ್ರ ಸ್ವಲ್ಪ ರಿಯಾಯಿತಿ ಕೊಡಬಹುದು. ಪದರು ಪದರಾಗಿ ಸೀಳುವ ಉಗುರಿಗೆ ದಿನಕ್ಕೆ 2.5 ಮಿಲಿಗ್ರಾಂನಂತೆ ಕೆಲವು ತಿಂಗಳು ಕೊಟ್ಟು, ಉಗುರು ದಪ್ಪವಾಯಿತು ಎಂದು ಹೇಳಿದ ಸಣ್ಣ ಅಧ್ಯಯನಗಳಿವೆ. ಆ 2.5ನ್ನು ಯಾರಾದರೂ ಆರು ತಿಂಗಳು ಪ್ರಯತ್ನಿಸಿದರೆ ತಕರಾರಿಲ್ಲ. 10 ಮಿಲಿಗ್ರಾಂಗೆ ಹೋಗಲು ಕಾರಣವೇ ಇಲ್ಲ.

ಮೊದಲು ಉದುರಿದ ಕೂದಲನ್ನೇ ನೋಡಿ

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದೆ ತುಂಡು ತುಂಡಾಗಿದ್ದರೆ ನಡುವೆ ಮುರಿದದ್ದು. ಬೋರ್‌ವೆಲ್‌ನ ಗಡಸು ನೀರು, ಸ್ಟ್ರೇಟನಿಂಗ್, ಬಿಗಿಯಾಗಿ ಕಟ್ಟುವುದು, ಒದ್ದೆ ಕೂದಲು ಬಾಚುವುದು, ಇವೆಲ್ಲ ಕೂದಲನ್ನು ಮುರಿಯುತ್ತವೆ. ಇದಕ್ಕೆ ವಿಟಮಿನ್ ಮಾತ್ರೆಯಿಂದ ಏನೂ ಆಗದು, ಬುಡದಾಚೆಗಿನ ಕೂದಲು ಸತ್ತ ಕೆರಾಟಿನ್. ಬೆಂಗಳೂರಿಗೆ ಬಂದಮೇಲೆ ನೀರಿನಿಂದ ಬುಡಸಮೇತ ಉದುರಿತು ಎನ್ನುವವರು ಆ ಬಿಳಿ ಗಂಟನ್ನು ಹುಡುಕಬೇಕು. ಗಂಟಿದ್ದರೆ ಪಾಪ ನೀರಿನದಲ್ಲ. ಹೊಸ ಊರಿನ ಪಿಜಿ ಊಟ, ನಿದ್ದೆಗೆಟ್ಟ ಶಿಫ್ಟು, ಅಥವಾ ಊರು ಬದಲಿಸುವ ಮುಂಚೆ ಬಂದ ಜ್ವರವನ್ನು ಅನುಮಾನಿಸಬೇಕು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಎರಡು ಮೂರು ದಿನ ಬಿಟ್ಟು ತಲೆಗೆ ನೀರು ಹಾಕಿಕೊಂಡರೆ ಅಷ್ಟೂ ದಿನದ ಬಾಕಿ ಒಟ್ಟಿಗೆ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ಹೆಚ್ಚು ಉದುರುತ್ತಿದೆಯೇ ಎಂದು ತಿಳಿಯಲು, ತಲೆ ತೊಳೆದು ಒಂದು ದಿನವಾದ ಮೇಲೆ 50–60 ಕೂದಲಿನ ಎಳೆಯನ್ನು ಬುಡದ ಹತ್ತಿರ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನಿಧಾನಕ್ಕೆ ತುದಿಯವರೆಗೆ ಎಳೆಯಿರಿ. ಆರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರುವಿಕೆ ಚುರುಕಾಗಿದೆ ಎಂದರ್ಥ. ತಲೆಯ ನಾಲ್ಕು ಕಡೆ ಹೀಗೆ ನೋಡಬೇಕು.

ಇನ್ನು ಎಲ್ಲಿ ತೆಳ್ಳಗಾಗುತ್ತಿದೆ ಎನ್ನುವುದು. ಗಂಡಸರಿಗೆ ಹಣೆಯ ಎರಡು ಮೂಲೆ ಮತ್ತು ನೆತ್ತಿ, ಹೆಂಗಸರಿಗೆ ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಅದು ಅನುವಂಶೀಯ. ಹಾರ್ಮೋನು ಮತ್ತು ವಂಶವಾಹಿಯ ಕೆಲಸ ಅದು. ಅಲ್ಲಿ ಮಿನಾಕ್ಸಿಡಿಲ್‌ನಂಥ ಔಷಧಿಯ ಮಾತು ಬರುತ್ತದೆಯೇ ಹೊರತು ವಿಟಮಿನ್ನಿನದಲ್ಲ. ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾಗಿದ್ದರೆ ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಹುಡುಕುತ್ತಾ ಕೂರಬೇಡಿ.

ತಲೆ ತುಂಬ ಒಂದೇ ಸಮ ಉದುರುತ್ತಿದ್ದರೆ ಕ್ಯಾಲೆಂಡರ್ ತೆಗೆದು ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ. ಡೆಂಗಿ, ಟೈಫಾಯ್ಡ್, ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸಿದ್ದು, ಯಾವುದಾದರೂ ಒಂದು ಹೆಚ್ಚಾಗಿ ಸಿಗುತ್ತದೆ. ದೇಹಕ್ಕೆ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ದೊಡ್ಡ ಪಾಲು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಕಳಚುತ್ತವೆ. ಕಾರಣ ಮುಗಿದಿದ್ದರೆ ಆರು ತಿಂಗಳ ಆಸುಪಾಸಿನಲ್ಲಿ ತನ್ನಷ್ಟಕ್ಕೆ ನಿಲ್ಲುತ್ತದೆ. ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ಸೆಟೆದು ನಿಂತರೆ ಹೊಸದು ಬರುತ್ತಿದೆ ಅಂತ. ಮಾತ್ರೆ ಕಂಪನಿಗಳಿಗೆ ಅರ್ಧ ಹೆಸರು ತಂದುಕೊಟ್ಟಿರುವುದೇ ಈ ಉದುರುವಿಕೆ. ಜನ ಉದುರುವುದು ವಿಪರೀತವಾದಾಗ ಡಬ್ಬ ಕೊಳ್ಳುತ್ತಾರೆ, ಅದು ಹೇಗೂ ಇಳಿಯುವ ಹೊತ್ತಿಗೆ ಡಬ್ಬ ಖಾಲಿಯಾಗಿರುತ್ತದೆ, ಐದು ಸ್ಟಾರ್ ಬೀಳುತ್ತದೆ.

ಯಾವ ಪರೀಕ್ಷೆ

ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, 25-ಹೈಡ್ರಾಕ್ಸಿ ವಿಟಮಿನ್ ಡಿ. ಇಷ್ಟು ಸಾಕು. ನೂರಾರು ಪರೀಕ್ಷೆಗಳ ಪ್ಯಾಕೇಜು ಬೇಡ. ಕೆಲವು ಅಗ್ಗದ ಪ್ಯಾಕೇಜುಗಳಲ್ಲಿ ಸೀರಮ್ ಐರನ್ ಮಾತ್ರ ಇದ್ದು ಫೆರಿಟಿನ್ ಇರುವುದಿಲ್ಲ, ಬುಕ್ ಮಾಡುವ ಮುಂಚೆ ಪಟ್ಟಿ ಓದಿ. ಸೀರಮ್ ಐರನ್ ದಿನದಲ್ಲೇ ಏರಿಳಿಯುತ್ತದೆ. ದೇಹದ ಗೋದಾಮಿನಲ್ಲಿ ಎಷ್ಟು ಕಬ್ಬಿಣ ಉಳಿದಿದೆ ಎಂದು ಹೇಳುವುದು ಫೆರಿಟಿನ್. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ, ವಾಸಿಯಾಗಿ ಎರಡು ಮೂರು ವಾರವಾದ ಮೇಲೆ ರಕ್ತ ಕೊಡಿ.

ಈಗಾಗಲೇ ಬಯೋಟಿನ್ ನುಂಗುತ್ತಿರುವವರು ಇದನ್ನು ಗಮನವಿಟ್ಟು ಓದಬೇಕು. ಅನೇಕ ಲ್ಯಾಬ್ ಯಂತ್ರಗಳು ಹಾರ್ಮೋನು ಅಳೆಯಲು ಬಯೋಟಿನ್–ಸ್ಟ್ರೆಪ್ಟಾವಿಡಿನ್ ಎಂಬ ಜೋಡಿಯನ್ನೇ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಅಂಥ ಯಂತ್ರದಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಇರುವುದಕ್ಕಿಂತ ಹೆಚ್ಚು ಎಂದು ಬರುತ್ತದೆ. ರಿಪೋರ್ಟ್ ನೋಡಿದವರಿಗೆ ಅದು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆಯಂತೆ ಕಾಣುತ್ತದೆ, ಅಥವಾ ಸರಿಯಾಗಿದ್ದ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಡೋಸನ್ನು ಇಳಿಸಿಬಿಡುತ್ತಾರೆ. ಡೋಸ್ ಇಳಿದರೆ ಕೂದಲು ಇನ್ನಷ್ಟು ಉದುರುತ್ತದೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಕೂಡ ಸುಳ್ಳೇ ಕಡಿಮೆ ತೋರಿಸಬಹುದು. ಹಾಗೆ ತೋರಿಸಿದ ಒಂದು ಪ್ರಕರಣದಲ್ಲಿ ರೋಗಿ ತೀರಿಕೊಂಡದ್ದನ್ನು ಉಲ್ಲೇಖಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಹೊರಡಿಸಿತು. ಆದ್ದರಿಂದ ರಕ್ತ ಕೊಡುವ ಮುಂಚೆ ಕನಿಷ್ಠ ಎರಡು ಮೂರು ದಿನ ಬಯೋಟಿನ್ ನಿಲ್ಲಿಸಿ. ಮೂತ್ರಪಿಂಡದ ತೊಂದರೆ ಇರುವವರು ಇನ್ನೂ ಮುಂಚೆಯೇ ನಿಲ್ಲಿಸಬೇಕು, ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿ. ಮಲ್ಟಿವಿಟಮಿನ್ನಿನಲ್ಲೂ, "ಹೇರ್ ಸ್ಕಿನ್ ನೇಲ್" ಎಂದು ಬರೆದ ಮಾತ್ರೆಯಲ್ಲೂ ಬಯೋಟಿನ್ ಇರುತ್ತದೆ. ಸ್ಟ್ರಿಪ್ ತಿರುಗಿಸಿ ನೋಡಿ. ಎದೆನೋವೆಂದು ತುರ್ತಾಗಿ ಆಸ್ಪತ್ರೆ ಸೇರಿದರೆ ನಿಲ್ಲಿಸಲು ಸಮಯ ಎಲ್ಲಿರುತ್ತದೆ? ಬಯೋಟಿನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ.

ಕಬ್ಬಿಣ

ಹಿಮೋಗ್ಲೋಬಿನ್ 12 ಇದೆ, ರಕ್ತ ಚೆನ್ನಾಗಿದೆ ಅಂತ ಕಳಿಸಿಬಿಡುವುದು ಸಾಮಾನ್ಯ. ಆದರೆ ಖಾಲಿಯಾಗುವಾಗ ಮೊದಲು ಬರಿದಾಗುವುದು ಫೆರಿಟಿನ್, ಹಿಮೋಗ್ಲೋಬಿನ್ ಬೀಳುವುದು ಕೊನೆಗೆ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲೇ ಕೊರತೆ. ಕೂದಲಿನ ವಿಷಯಕ್ಕೆ ಬಂದರೆ ಅದು 30–40ರ ಮೇಲಿರಲಿ ಎಂದು ಬಹಳ ಚರ್ಮವೈದ್ಯರು ಬಯಸುತ್ತಾರೆ. ಆ ಗೆರೆ ಎಲ್ಲಿ ಎಳೆಯಬೇಕು ಎಂಬ ವಾದ ಮುಗಿದಿಲ್ಲ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ, ಒಂದರ ಹಿಂದೆ ಒಂದು ಹೆರಿಗೆಯಾದವರಿಗೆ, ಆಗಾಗ ರಕ್ತದಾನ ಮಾಡುವವರಿಗೆ ಇದು ಬೇಗ ಬರಿದಾಗುತ್ತದೆ. ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಫೆರಿಟಿನ್ ಕಡಿಮೆ ಬಂದರೆ ಮಾತ್ರೆ ಕೊಟ್ಟು ಸುಮ್ಮನಿರಬಾರದು, ರಕ್ತ ಎಲ್ಲಿ ಸೋರುತ್ತಿದೆ ಎಂದು ಹೊಟ್ಟೆ, ಕರುಳು ನೋಡಿಸಬೇಕು.

ಸ್ಟ್ರಿಪ್ ಮೇಲಿನ ಮಿಲಿಗ್ರಾಂ ಓದುವುದರಲ್ಲಿ ಎಡವುವುದು ಹೆಚ್ಚು. ನಮಗೆ ಬೇಕಾದದ್ದು ಶುದ್ಧ ಕಬ್ಬಿಣದ ಪ್ರಮಾಣ, ಲವಣದ ತೂಕವಲ್ಲ. ಒಣ ಫೆರಸ್ ಸಲ್ಫೇಟ್ 200 ಮಿಲಿಗ್ರಾಂನಲ್ಲಿ ಕಬ್ಬಿಣ ಸುಮಾರು 60–65. ಫೆರಸ್ ಫ್ಯುಮರೇಟ್‌ನಲ್ಲಿ ಮೂರನೇ ಒಂದು ಭಾಗ. ಫೆರಸ್ ಆಸ್ಕಾರ್ಬೇಟ್ ಸ್ಟ್ರಿಪ್‌ಗಳ ಮೇಲೆ ಸಾಮಾನ್ಯವಾಗಿ ಬರೆಯುವ 100 ಶುದ್ಧ ಕಬ್ಬಿಣವೇ. ದುಬಾರಿ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಕಬ್ಬಿಣ–ಫೋಲಿಕ್ ಆಸಿಡ್ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ, ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲೂ ಅಷ್ಟೇ.

ಒಂದು ಡೋಸ್ ಬಿದ್ದ ಕೂಡಲೇ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು ಸುಮಾರು 24 ಗಂಟೆ ಕರುಳಿನ ಬಾಗಿಲು ಅರ್ಧ ಮುಚ್ಚುತ್ತದೆ. ಅದಕ್ಕೇ ದಿನಕ್ಕೆರಡು ನುಂಗಿದರೆ ಎರಡು ಪಟ್ಟು ಸೇರುವುದಿಲ್ಲ, ಮಲಬದ್ಧತೆ ಮಾತ್ರ ಎರಡು ಪಟ್ಟಾಗುತ್ತದೆ. ತೀವ್ರ ರಕ್ತಹೀನತೆ ಇಲ್ಲದವರಿಗೆ ದಿನ ಬಿಟ್ಟು ದಿನ ಒಂದು ಮಾತ್ರೆ ಚೆನ್ನಾಗಿ ಒಗ್ಗುತ್ತದೆ. ಗರ್ಭಿಣಿಯರು ಮಾತ್ರ ತಮಗೆ ಹೇಳಿದ ಹಾಗೆ ದಿನಾ ತೆಗೆದುಕೊಳ್ಳಬೇಕು.

ಬರಿ ಹೊಟ್ಟೆಯಲ್ಲಿ ನಿಂಬೆ ನೀರಿನ ಜತೆ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ವಾಕರಿಕೆ ಬಂದರೆ ಸ್ವಲ್ಪ ತಿಂದು ತೆಗೆದುಕೊಳ್ಳಿ, ಸೇರುವುದು ಕಡಿಮೆಯಾದರೂ ಬಿಟ್ಟುಬಿಡುವುದಕ್ಕಿಂತ ಲೇಸು. ನಮ್ಮಲ್ಲಿ ಇಡೀ ಪ್ರಯತ್ನವನ್ನು ನುಂಗಿಹಾಕುವುದು ಫಿಲ್ಟರ್ ಕಾಫಿ. ಮಾತ್ರೆಯ ಹಿಂದೆಯೇ ಕಾಫಿಯೋ ಚಹಾವೋ ಕುಡಿದರೆ ಅದರ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಮಾತ್ರೆಗೂ ಕಾಫಿಗೂ ಎರಡೂ ಕಡೆ ಕನಿಷ್ಠ ಒಂದು ಗಂಟೆ, ಎರಡಾದರೆ ಇನ್ನೂ ಚೆನ್ನ. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಹಾಗೇ.

ಮಲ ಕಪ್ಪಾಗುವುದು ಸಹಜ. ಹಿಮೋಗ್ಲೋಬಿನ್ ಸರಿಹೋದ ದಿನವೇ ನಿಲ್ಲಿಸಿದರೆ ಗೋದಾಮು ಖಾಲಿಯೇ ಉಳಿಯುತ್ತದೆ. ಅಲ್ಲಿಂದ ಇನ್ನೂ ಮೂರು ತಿಂಗಳು ಮುಂದುವರಿಸಿ ಫೆರಿಟಿನ್ ಮತ್ತೆ ನೋಡಿಸಬೇಕು. ಸಿಬಿಸಿಯಲ್ಲಿ ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಕಡಿಮೆ ಇದ್ದೂ ಫೆರಿಟಿನ್ ಸರಿಯಿದ್ದರೆ ಥಲಸೀಮಿಯಾ ಟ್ರೇಟ್ (ವಂಶವಾಹಿಯಲ್ಲಿ ಬರುವ ರಕ್ತದ ದೋಷ) ಇರಬಹುದು, ಅಂಥವರಿಗೆ ಸುಮ್ಮನೆ ಕಬ್ಬಿಣ ತುಂಬಬಾರದು. ಇನ್ನೊಂದು, ಕಬ್ಬಿಣದ ಮಾತ್ರೆಗಳು ಬಣ್ಣದ ಸಿಹಿಯಂತೆ ಕಾಣುತ್ತವೆ. ಚಿಕ್ಕ ಮಗು ಒಂದಷ್ಟು ನುಂಗಿದರೆ ಪ್ರಾಣಕ್ಕೇ ಅಪಾಯ. ಅಡುಗೆಮನೆಯ ಮೇಲಿನ ಸ್ಟ್ಯಾಂಡಿನಲ್ಲಿ ಇಡಿ.

ಊಟದಿಂದ ಸಾಕಾಗುವುದಿಲ್ಲವೇ? ಐಸಿಎಂಆರ್ ಪ್ರಕಾರ ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸಿಗೆ 19 ಬೇಕು. 100 ಗ್ರಾಂ ರಾಗಿಯಲ್ಲಿ ಇರುವುದು 5ಕ್ಕಿಂತ ಕಡಿಮೆ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿದೆ, ಕಬ್ಬಿಣದಲ್ಲಲ್ಲ. ಮೊಳಕೆ ಕಟ್ಟಿದ ಹುರುಳಿ, ಸೊಪ್ಪಿನ ಪಲ್ಯ, ಜತೆಗೆ ನಿಂಬೆ ಹಿಂಡಿದ ಕೋಸಂಬರಿ, ಇವು ತುಂಬಿದ ಗೋದಾಮನ್ನು ತುಂಬಿದಂತೆ ಇಡುತ್ತವೆ. ಬರಿದಾದದ್ದನ್ನು ತುಂಬಿಸಲು ಕೆಲವು ತಿಂಗಳು ಮಾತ್ರೆಯೇ ಬೇಕು.

ಬಿ12, ಡಿ, ಪ್ರೋಟೀನ್

ದಿನಕ್ಕೆ ಬೇಕಾದ ಬಿ12 ಬರೀ 2.2 ಮೈಕ್ರೋಗ್ರಾಂ, ಆದರೆ ಅದು ಸಸ್ಯಾಹಾರದಲ್ಲಿ ಹಾಲು ಮೊಸರು ಬಿಟ್ಟರೆ ಇಲ್ಲ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇನ್ನಷ್ಟು ಇಳಿಯುತ್ತದೆ. ಕೂದಲು ಬೇಗ ನರೆಯುವುದು, ಉಗುರು ಕಪ್ಪಗಾಗುವುದು, ಪಾದ ಜೋಮು ಹಿಡಿಯುವುದು ಒಟ್ಟಿಗೆ ಕಂಡರೆ ಇದನ್ನೇ ನೋಡಿಸಿ. ಮಾತ್ರೆಯಲ್ಲಿ 1500 ಮೈಕ್ರೋಗ್ರಾಂ ಎಂದಿರುವುದಕ್ಕೆ ಕಾರಣವಿದೆ: ದೊಡ್ಡ ಡೋಸಿನಲ್ಲಿ ಶೇಕಡಾ 1ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಬಿ12 ನೋಡಿಸದೆ ಫೋಲಿಕ್ ಆಸಿಡ್ ಒಂದನ್ನೇ ತಿಂಗಳುಗಟ್ಟಲೆ ತೆಗೆದುಕೊಂಡರೆ ರಕ್ತದ ರಿಪೋರ್ಟ್ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರದ ಹಾನಿ ಮುಂದುವರಿಯುತ್ತದೆ.

ವಿಟಮಿನ್ ಡಿಗೆ ಕೊಡುವ 60,000 ಐಯು ಸ್ಯಾಷೆ ಅಥವಾ ಕ್ಯಾಪ್ಸೂಲ್ ವಾರಕ್ಕೊಂದು, ಸಾಮಾನ್ಯವಾಗಿ 8 ವಾರ. ಚೀಟಿ ಓದದೆ ದಿನಾ ನುಂಗಿ ವಾಂತಿ, ವಿಪರೀತ ಬಾಯಾರಿಕೆ, ಕಿಡ್ನಿ ತೊಂದರೆ ತಂದುಕೊಳ್ಳುವವರಿದ್ದಾರೆ. ವಾರ ಗೊತ್ತುಮಾಡಿಕೊಳ್ಳಿ, ಭಾನುವಾರ ಅಂದರೆ ಭಾನುವಾರ. ಕೊಬ್ಬಿನಲ್ಲಿ ಕರಗುವಂಥದ್ದು, ಆದ್ದರಿಂದ ಹಾಲಿಗೆ ಬೆರೆಸಿ ಅಥವಾ ದೊಡ್ಡ ಊಟದ ಜತೆ. ಸಾಫ್ಟ್‌ಜೆಲ್ ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಜೆಲಟಿನ್, ಸಸ್ಯಾಹಾರಿಗಳು ಸ್ಯಾಷೆ ಅಥವಾ ಅಗಿಯುವ ಮಾತ್ರೆ ಕೇಳಬಹುದು. ಗಮ್ಮಿ ಕೊಳ್ಳುವಾಗಲೂ ಹಸಿರು ಗುರುತು ನೋಡಿ.

ಪ್ರೋಟೀನ್ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಕೂದಲು, ಉಗುರು ಎರಡೂ ಪ್ರೋಟೀನೇ. ಕಿಲೋ ತೂಕಕ್ಕೆ 0.83 ಗ್ರಾಂ ಲೆಕ್ಕದಲ್ಲಿ 60 ಕಿಲೋ ಮನುಷ್ಯನಿಗೆ ದಿನಕ್ಕೆ 50 ಗ್ರಾಂ. ಒಬ್ಬರ ಪಾಲಿಗೆ 15 ಗ್ರಾಂ ಬೇಳೆ ಹಾಕಿದ ಸಾರಿನಲ್ಲಿ ಇರುವುದು 3 ಗ್ರಾಂ ಮಾತ್ರ. ತಿಳಿ ಸಾರು, ಅನ್ನ, ಉಪ್ಪಿನಕಾಯಿಯಲ್ಲಿ ದಿನ ಕಳೆಯುವವರಿಗೆ ಯಾವ ವಿಟಮಿನ್ ಡಬ್ಬವೂ ಕೂದಲು ಕಟ್ಟಿಕೊಡದು.

ಹೆಚ್ಚಾದರೆ ಉದುರಿಸುವ ವಿಟಮಿನ್‌ಗಳು

ವಿಟಮಿನ್ ಎ ಮತ್ತು ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವ ಸಪ್ಲಿಮೆಂಟಿನಲ್ಲಿ ಪ್ರತಿ ಡೋಸಿಗೆ 200 ಮೈಕ್ರೋಗ್ರಾಂ ಇರಬೇಕಿದ್ದ ಸೆಲೆನಿಯಂ 40,800 ಇತ್ತು. 201 ಮಂದಿ ಬಳಲಿದರು, ಕೂದಲು ಉದುರುವುದು, ಉಗುರು ಕಳಚುವುದೇ ಅವರ ಮುಖ್ಯ ದೂರುಗಳಲ್ಲಿದ್ದವು. ವಿಟಮಿನ್ ಎ ಅತಿಯಾದರೆ ಗರ್ಭಿಣಿಯರಲ್ಲಿ ಮಗುವಿಗೂ ಹಾನಿ ಮಾಡುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುವವರು ವಿಟಮಿನ್ ಎ ಇರುವ ಯಾವ ಸಪ್ಲಿಮೆಂಟನ್ನೂ ಮುಟ್ಟಬಾರದು. ಮಲ್ಟಿವಿಟಮಿನ್, ಹೇರ್ ಮಾತ್ರೆ, ಮೀನಿನ ಲಿವರ್ ಎಣ್ಣೆಯ (ಕಾಡ್ ಲಿವರ್ ಆಯಿಲ್) ಕ್ಯಾಪ್ಸೂಲ್ ಮೂರನ್ನೂ ಒಟ್ಟಿಗೆ ನುಂಗುವವರು ಮೂರರಲ್ಲೂ ಇರುವ ಎ ಕೂಡಿಸಿ ನೋಡಿ.

ಸತು ಕೂಡ ಹೀಗೇ. 220 ಮಿಲಿಗ್ರಾಂ ಜಿಂಕ್ ಸಲ್ಫೇಟಿನಲ್ಲಿ 50 ಮಿಲಿಗ್ರಾಂ ಸತು ಇರುತ್ತದೆ. ಅದನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ತಾಮ್ರದ ಕೊರತೆಯಾಗಿ ಹೊಸ ರಕ್ತಹೀನತೆ, ಕೈಕಾಲು ಜೋಮು ಶುರುವಾಗುತ್ತದೆ.

ಉಗುರಿಗೆ ಬೇರೆ ಲೆಕ್ಕ

ಉಗುರಿನ ಮೇಲಿನ ಬಿಳಿ ಚುಕ್ಕಿ ಕ್ಯಾಲ್ಸಿಯಂ ಕೊರತೆಯಲ್ಲ, ಬುಡಕ್ಕೆ ತಗುಲಿದ ಸಣ್ಣ ಪೆಟ್ಟು. ಉದ್ದ ಗೆರೆಗಳು ವಯಸ್ಸಿನವು. ಅಡ್ಡ ತಗ್ಗು ಗೆರೆ ಎಲ್ಲ ಬೆರಳಲ್ಲೂ ಒಂದೇ ಎತ್ತರದಲ್ಲಿದ್ದರೆ ಅದು ಹಳೆಯ ಜ್ವರದ ಗುರುತು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ 6 ಮಿಲಿಮೀಟರ್ ದೂರವಿದ್ದರೆ ಎರಡು ತಿಂಗಳ ಹಿಂದಿನದು. ನಡುವೆ ಹಳ್ಳ ಬಿದ್ದು ಅಂಚು ಮೇಲೆದ್ದು, ಒಂದು ಹನಿ ನೀರು ನಿಲ್ಲುವಂತಿದ್ದರೆ ಫೆರಿಟಿನ್ ನೋಡಿಸಿ. ದಪ್ಪಗೆ ಹಳದಿಯಾಗಿ ಪುಡಿಯಾಗುವುದು ಫಂಗಸ್. ತುದಿ ಮಾತ್ರ ಪದರು ಪದರಾಗಿ ಸೀಳುತ್ತಿದ್ದರೆ ಬಹುಪಾಲು ಸಲ ಕಾರಣ ಪಾತ್ರೆ ಸೋಪು, ಬಟ್ಟೆ ಪುಡಿ, ಅಸಿಟೋನ್ ಇರುವ ರಿಮೂವರ್. ಉಗುರು ದಿನಕ್ಕೆ ಹತ್ತು ಸಲ ನೆನೆದು ಒಣಗಿದರೆ ಪದರುಗಳ ನಡುವಿನ ಅಂಟು ಬಿಡುತ್ತದೆ. ಒಳಗೆ ಹತ್ತಿ ಕೈಗವಸು, ಮೇಲೆ ರಬ್ಬರ್ ಗ್ಲೌಸ್, ರಾತ್ರಿ ಉಗುರಿಗೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ. ಮಾತ್ರೆಗಿಂತ ಇದು ಬೇಗ ಕೆಲಸ ಮಾಡುತ್ತದೆ.

ಯಾವುದು ಯಾವಾಗ

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ನಿಜವಾದ ತಲೆನೋವು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಕ್ಸಿನ್ನನ್ನು ಹಿಡಿದಿಡುತ್ತವೆ, ನಡುವೆ 4 ಗಂಟೆ ಬೇಕು. ಹೀಗೆ ಹೊಂದಿಸಬಹುದು: ಬೆಳಿಗ್ಗೆ 6ಕ್ಕೆ ನೀರಿನಲ್ಲಿ ಥೈರಾಕ್ಸಿನ್, 7ಕ್ಕೆ ಕಾಫಿ, ಮಧ್ಯಾಹ್ನದ ಊಟದ ಜತೆ ಕ್ಯಾಲ್ಸಿಯಂ, ಸಂಜೆಯ ಚಹಾ ಆಗಿ ಎರಡು ಗಂಟೆ ಕಳೆದ ಮೇಲೆ, ರಾತ್ರಿ ಊಟಕ್ಕೆ ಒಂದು ಗಂಟೆ ಮುಂಚೆ ಕಬ್ಬಿಣ. ಬಿ12 ಯಾವಾಗ ಬೇಕಾದರೂ ಸರಿ. ಸತುವನ್ನು ಕಬ್ಬಿಣದ ಜತೆ ಒಟ್ಟಿಗೆ ನುಂಗಬೇಡಿ, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ.

ಫಲ ಕಾಣಲು ಎಷ್ಟು ದಿನ? ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಕೊರತೆ ತುಂಬಲು ಶುರುವಾದ ಮೇಲೂ ವಿಶ್ರಾಂತಿಗೆ ಹೋದ ಕೂದಲು ಉದುರಿಯೇ ಉದುರುತ್ತವೆ, ಹಾಗಾಗಿ ಮೂರನೇ ತಿಂಗಳವರೆಗೆ ಏನನ್ನೂ ತೀರ್ಮಾನಿಸಬೇಡಿ. ಕೈಯುಗುರು ಬುಡದಿಂದ ತುದಿಗೆ ಬರಲು ಆರು ತಿಂಗಳು, ಕಾಲಿನ ಹೆಬ್ಬೆರಳಿಗೆ ಒಂದು ವರ್ಷದ ಮೇಲೆ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಅದೇ ಬೈತಲೆ ತೆಗೆದು ಒಂದು ಫೋಟೊ ಇಟ್ಟುಕೊಳ್ಳಿ, ಕನ್ನಡಿಯನ್ನು ನಂಬಬೇಡಿ. ಮೂರು ತಿಂಗಳಿಗೆ ಫೆರಿಟಿನ್, ಬಿ12, ಡಿ ಮತ್ತೆ ನೋಡಿಸಿ. ಮಟ್ಟ ಸರಿಯಾಗಿದ್ದೂ ಆರು ತಿಂಗಳಿಗೆ ಉದುರುವುದು ನಿಲ್ಲದಿದ್ದರೆ ಇನ್ನೊಂದು ಡಬ್ಬ ತರುವುದು ಬೇಡ. ಆ ಫೋಟೊಗಳನ್ನೂ ಎರಡೂ ರಿಪೋರ್ಟನ್ನೂ ತೆಗೆದುಕೊಂಡು ಚರ್ಮದ ಡಾಕ್ಟರಿಗೆ ತೋರಿಸಿ.